ಹೃದಯಕ್ಕೆ ಬಣ್ಣ ಹಚ್ಚುವುದು ಬೇರೆ, ರಕ್ತದ ದಾರಿ ನಡೆಯುವುದು ಬೇರೆ

ಎರಡು ತರಗತಿಗಳನ್ನು ಊಹಿಸಿಕೊಳ್ಳೋಣ. ಎರಡರಲ್ಲೂ ಪಾಠ ಒಂದೇ, ಮನುಷ್ಯನ ರಕ್ತಪರಿಚಲನೆ. ಎರಡೂ ಕಡೆ ಶಿಕ್ಷಕರು ಕಲೆಯ ನೆರವಿನಿಂದಲೇ ಪಾಠ ಮಾಡಲು ಹೊರಟಿದ್ದಾರೆ. ಮೊದಲನೆಯದರಲ್ಲಿ ಮಕ್ಕಳು ಗುಂಪುಗುಂಪಾಗಿ ಕುಳಿತು ಥರ್ಮಾಕೋಲ್ ಹಾಳೆಯಲ್ಲಿ ಹೃದಯದ ಆಕಾರವನ್ನು ಕತ್ತರಿಸಿ, ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಬಣ್ಣ ಹಚ್ಚುತ್ತಿದ್ದಾರೆ. 40 ನಿಮಿಷದ ಅವಧಿಯಲ್ಲಿ ಹೆಚ್ಚಿನ ಪಾಲು ಕತ್ತರಿಸುವುದಕ್ಕೆ, ಅಂಟಿಸುವುದಕ್ಕೆ, ಗೆರೆ ದಾಟಿದ ಬಣ್ಣವನ್ನು ಒರೆಸುವುದಕ್ಕೆ ಹೋಗುತ್ತದೆ. ಎರಡನೆಯದರಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಚಾಕ್‌ಪೀಸಿನಿಂದ ಹೃದಯದ ನಾಲ್ಕು ಕೋಣೆಗಳನ್ನೂ, ಒಂದು ಮೂಲೆಯಲ್ಲಿ ಶ್ವಾಸಕೋಶವನ್ನೂ, ಮತ್ತೊಂದು ಮೂಲೆಯಲ್ಲಿ ಕಾಲಿನ ಸ್ನಾಯುವನ್ನೂ ಬರೆದಿದ್ದಾರೆ. ಮಕ್ಕಳೇ ಇಲ್ಲಿ ರಕ್ತಕಣಗಳು. ಆಮ್ಲಜನಕ ಹೊತ್ತಿದ್ದರೆ ಕೈಯಲ್ಲಿ ಕೆಂಪು ಚೀಟಿ, ಇಲ್ಲದಿದ್ದರೆ ನೀಲಿ. ಬಾಯಿಬಿಟ್ಟು ಮಾತಾಡದೆ, ನಡಿಗೆಯ ವೇಗದಿಂದಲೂ ದೇಹದ ಭಂಗಿಯಿಂದಲೂ ತಾವು ಎಲ್ಲಿದ್ದೇವೆ, ಅಲ್ಲಿ ಒತ್ತಡ ಎಷ್ಟಿದೆ ಎಂಬುದನ್ನು ನೋಡುವವರಿಗೆ ತಿಳಿಸಬೇಕು ಎಂಬುದು ಅವರಿಗೆ ಕೊಟ್ಟ ಕೆಲಸ.

ಶ್ವಾಸಕೋಶದ ಮೂಲೆಯಲ್ಲಿ ನೀಲಿ ಚೀಟಿ ಕೊಟ್ಟು ಕೆಂಪು ಚೀಟಿ ಪಡೆದ ಹುಡುಗಿ ನೇರವಾಗಿ ಕಾಲಿನ ಕಡೆ ಹೊರಡುತ್ತಾಳೆ. "ಏಯ್, ಅಲ್ಲಿಗಲ್ಲ ಕಣೇ, ಮೊದಲು ಹೃದಯಕ್ಕೆ ವಾಪಸ್ ಹೋಗು" ಎಂದು ಹಿಂದಿದ್ದವನು ನಿಯಮ ಮುರಿದು ಕೂಗುತ್ತಾನೆ. "ಈಗ ತಾನೇ ಅಲ್ಲಿಂದ ಬಂದೆನಲ್ಲ, ಮತ್ತೆ ಯಾಕೆ ಹೋಗಬೇಕು?" ಎಂದು ಅವಳು ಕೇಳುತ್ತಾಳೆ. ಇಡೀ ಪಾಠದ ಗಂಟು ಇರುವುದೇ ಅವಳ ಆ ಪ್ರಶ್ನೆಯಲ್ಲಿ. ರಕ್ತವು ಒಂದು ಪೂರ್ತಿ ಸುತ್ತಿನಲ್ಲಿ ಹೃದಯವನ್ನು ಎರಡು ಬಾರಿ ಹಾದುಹೋಗುತ್ತದೆ, ಏಕೆಂದರೆ ಶ್ವಾಸಕೋಶದ ಕೂದಲಿನಂಥ ಲೋಮನಾಳಗಳನ್ನು ದಾಟುವಷ್ಟರಲ್ಲಿ ಅದರ ಒತ್ತಡ ಇಳಿದಿರುತ್ತದೆ. ದೇಹದ ತುದಿಯವರೆಗೆ ತಲುಪಬೇಕಾದರೆ ಹೃದಯದ ಎಡಗಡೆಯ ಕೆಳಕೋಣೆಯಾದ ಎಡ ಹೃತ್ಕುಕ್ಷಿ ಅದನ್ನು ಮತ್ತೊಮ್ಮೆ ನೂಕಲೇಬೇಕು. ಥರ್ಮಾಕೋಲ್ ಹೃದಯಕ್ಕೆ ಬಣ್ಣ ಹಚ್ಚಿದ ಮಕ್ಕಳಲ್ಲೂ ಇದೇ ತಪ್ಪು ತಿಳಿವಳಿಕೆ ಇರಬಹುದು. ಆದರೆ ಅದು ಅವರ ತಲೆಯಿಂದ ಹೊರಗೆ ಬರಲು ಆ ಚಟುವಟಿಕೆಯಲ್ಲಿ ಎಲ್ಲಿಯೂ ಅವಕಾಶವಿಲ್ಲ.

ಈ ಎರಡನ್ನೂ ಇಂದು ಕಲಾ ಸಂಯೋಜಿತ ಕಲಿಕೆ ಎಂಬ ಒಂದೇ ಹೆಸರಿನಿಂದ ಕರೆಯಲಾಗುತ್ತಿದೆ. ನನ್ನ ತಕರಾರು ಇರುವುದು ಅಲ್ಲಿ. ಹೆಸರಿಗೆ ಈಗ ಅಧಿಕೃತ ಮನ್ನಣೆ ಸಿಕ್ಕಿದೆ: ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳ ಬೋಧನೆಯೊಳಗೆ ಬೆಸೆಯಬೇಕೆಂದು ಹೇಳುತ್ತದೆ, ವೇಲ್ಸ್ ದೇಶದಲ್ಲಿ 2022ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮವು ಅಭಿವ್ಯಕ್ತಿ ಕಲೆಗಳನ್ನು ತನ್ನ ಆರು ಕಲಿಕಾ ಕ್ಷೇತ್ರಗಳಲ್ಲಿ ಒಂದಾಗಿ ಇರಿಸಿದೆ, 2024ರ ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ಸೇರಿದ ಯುನೆಸ್ಕೋ ಸಮ್ಮೇಳನ ಸಂಸ್ಕೃತಿ ಮತ್ತು ಕಲಾ ಶಿಕ್ಷಣಕ್ಕೊಂದು ಹೊಸ ಚೌಕಟ್ಟನ್ನು ಅಂಗೀಕರಿಸಿತು. ಹೀಗಾಗಿ ಪಾಠದಲ್ಲಿ ಕಲೆ ಬೇಕೇ ಬೇಡವೇ ಎಂಬ ಹಳೆಯ ಚರ್ಚೆ ಬಹುಮಟ್ಟಿಗೆ ಮುಗಿದಿದೆ. ಯಾವ ಬಗೆಯ ಬೆಸುಗೆ ಕಲಿಸುತ್ತದೆ, ಯಾವುದು ಕೇವಲ ಗೋಡೆ ಅಲಂಕರಿಸುತ್ತದೆ ಎಂಬ ಚರ್ಚೆ ಮಾತ್ರ ಇನ್ನೂ ಸರಿಯಾಗಿ ಆರಂಭವೇ ಆಗಿಲ್ಲ.

ಅಮೆರಿಕದ ಶಾಲೆಗಳಲ್ಲಿ ಕುಳಿತು ಇದನ್ನು ಗಮನಿಸಿದ ಸಂಶೋಧಕಿ ಲಿಯೋರಾ ಬ್ರೆಸ್ಲರ್ 1995ರಲ್ಲಿಯೇ ಈ ಬೆಸುಗೆಯಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದ್ದರು. ಕಲೆ ಬೇರೊಂದು ವಿಷಯದ ಊಳಿಗಕ್ಕೆ ನಿಂತಿರುವುದು ಒಂದು. ಕಲೆ ಮತ್ತು ವಿಷಯ ಸಮಸಮವಾಗಿ ನಿಂತು ಆಲೋಚನೆಯನ್ನು ಬೇಡುವುದು ಇನ್ನೊಂದು. ಮಕ್ಕಳ ಭಾವಸ್ಥಿತಿಯನ್ನು ಹದಗೊಳಿಸಲು ಕಲೆಯನ್ನು ಬಳಸುವುದು ಮೂರನೆಯದು. ಶಾಲೆಯ ಸಮಾರಂಭಗಳಿಗೆ, ಪೋಷಕರನ್ನು ಸೇರಿಸುವುದಕ್ಕೆ ಬಳಸುವುದು ನಾಲ್ಕನೆಯದು. ಅವರು ಕಂಡಂತೆ ಅತಿ ಹೆಚ್ಚು ಬಳಕೆಯಲ್ಲಿದ್ದದ್ದು ಊಳಿಗದ ಬಗೆ; ಸಮಸಮವಾದ ಬಗೆ ಅಪರೂಪ. 30 ವರ್ಷಗಳು ಕಳೆದರೂ ಈ ವಿಂಗಡಣೆ ಹಳತಾದಂತೆ ತೋರುವುದಿಲ್ಲ. ಮಗ್ಗಿಯನ್ನು ಹಾಡಿನ ಧಾಟಿಗೆ ಕೂರಿಸುವುದು, ರಾಜಧಾನಿಗಳ ಪಟ್ಟಿಯನ್ನು ಪ್ರಾಸಬದ್ಧಗೊಳಿಸುವುದು ಇವೆಲ್ಲ ಊಳಿಗದ ಕೆಲಸಗಳೇ. ಅವು ಕೆಟ್ಟವೇನಲ್ಲ, ಬಾಯಿಪಾಠಕ್ಕೆ ಖಂಡಿತ ಒದಗುತ್ತವೆ. ಆದರೆ ಏಳೆಂಟಲಿ ಐವತ್ತಾರು ಎಂದು ರಾಗವಾಗಿ ಹಾಡುವ ಮಗು ಗುಣಾಕಾರವನ್ನು ಅರ್ಥ ಮಾಡಿಕೊಂಡಿದೆ ಎಂದಾಗಲಿ, ಸಂಗೀತವನ್ನು ಕಲಿತಿದೆ ಎಂದಾಗಲಿ ಹೇಳಲಾಗದು.

ಬೆಸುಗೆ ಗಟ್ಟಿಯೋ ಪೊಳ್ಳೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಸಾಕೆಂದು ನನಗನಿಸುತ್ತದೆ. ಪಾಠದ ಪರಿಕಲ್ಪನೆಯನ್ನು ಅರ್ಥ ಮಾಡಿಕೊಳ್ಳದೆಯೇ ಈ ಕಲಾಕೆಲಸವನ್ನು ಚೆನ್ನಾಗಿ ಮಾಡಿ ಮುಗಿಸಬಹುದೇ? ಮುಗಿಸಬಹುದಾದರೆ ಅದು ಕರಕುಶಲ ಕೆಲಸವೇ ಹೊರತು ಆ ಪಾಠದ ಕಲಿಕೆಯಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ವಿಲ್ಲಿಂಗ್‌ಹ್ಯಾಮ್ ಬೇರೊಂದು ಸಂದರ್ಭದಲ್ಲಿ ವಿವರಿಸಿದ ತತ್ತ್ವ ಇದಕ್ಕೆ ಆಧಾರ: ಮಗು ಯಾವುದರ ಬಗ್ಗೆ ಯೋಚಿಸುತ್ತದೋ ಅದೇ ನೆನಪಿನಲ್ಲಿ ಉಳಿಯುತ್ತದೆ, ಶಿಕ್ಷಕರು ಯಾವುದರ ಬಗ್ಗೆ ಯೋಚಿಸಲಿ ಎಂದು ಬಯಸಿದ್ದರೋ ಅದಲ್ಲ. ಅಂಟು ಒಣಗುತ್ತಿಲ್ಲವಲ್ಲ ಎಂದು 35 ನಿಮಿಷ ಯೋಚಿಸಿದ ಮಗುವಿಗೆ ಮರುದಿನ ನೆನಪಾಗುವುದು ಅಂಟೇ.

ಈ ಪರೀಕ್ಷೆಯಲ್ಲಿ ಗೆಲ್ಲುವ ಪಾಠಗಳು ಯಾವುವೆಂದು ನೋಡಿದರೆ ಕಲೆಯ ನಿಜವಾದ ಕಸುವು ಎಲ್ಲಿದೆ ಎಂಬುದೂ ತಿಳಿಯುತ್ತದೆ. ಮೊದಲನೆಯದು ಲಯ. ತರಗತಿಯನ್ನು ಎರಡು ಗುಂಪು ಮಾಡಿ, ಒಂದೇ ಗತಿಯ ಎಣಿಕೆಗೆ ಒಂದು ಗುಂಪು ಪ್ರತಿ ಮೂರನೆಯ ಎಣಿಕೆಗೂ ಇನ್ನೊಂದು ಗುಂಪು ಪ್ರತಿ ನಾಲ್ಕನೆಯ ಎಣಿಕೆಗೂ ಚಪ್ಪಾಳೆ ತಟ್ಟಲಿ. ಇಬ್ಬರ ಚಪ್ಪಾಳೆ ಒಟ್ಟಿಗೆ ಬೀಳುವುದು 12ಕ್ಕೆ. ಮಕ್ಕಳು ಕೂಡಲೇ ನಿಯಮವೊಂದನ್ನು ಕಟ್ಟಿಕೊಳ್ಳುತ್ತಾರೆ: ಎರಡೂ ಸಂಖ್ಯೆಗಳನ್ನು ಗುಣಿಸಿದರಾಯಿತು. ಈಗ ನಾಲ್ಕು ಮತ್ತು ಆರು ಕೊಡಬೇಕು. ಎಲ್ಲರೂ 24ಕ್ಕೆ ಕಾದಿರುತ್ತಾರೆ. ಚಪ್ಪಾಳೆಗಳು ಮಾತ್ರ 12ಕ್ಕೇ ಕೂಡಿಬಿಡುತ್ತವೆ. ತಾವೇ ಕಟ್ಟಿದ ನಿಯಮ ತಮ್ಮ ಕೈಯಲ್ಲೇ ಮುರಿದುಬಿದ್ದ ಆ ಕ್ಷಣದಲ್ಲಿ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂಬ ಮೂರಕ್ಷರಕ್ಕೆ ಅರ್ಥ ಬರುತ್ತದೆ, ಎರಡು ಸಂಖ್ಯೆಗಳಿಗೂ ಸಾಮಾನ್ಯವಾದ ಅಪವರ್ತನ ಇದ್ದಾಗ ಏನಾಗುತ್ತದೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಗತಿ ತಪ್ಪಿದರೆ ಗಣಿತವೂ ತಪ್ಪುವುದರಿಂದ ಲಯವನ್ನು ಹಿಡಿದಿಟ್ಟುಕೊಳ್ಳುವುದು ಇಲ್ಲಿ ಅಲಂಕಾರವಲ್ಲ. ಸಂಗೀತ ಮತ್ತು ಗಣಿತ ಎರಡನ್ನೂ ಒಟ್ಟಿಗೆ ಮಾಡದೆ ಈ ಆಟ ನಡೆಯುವುದೇ ಇಲ್ಲ.

ಚಲನೆಯದೂ ಹಾಗೆಯೇ. ಚಂದ್ರ ಯಾವಾಗಲೂ ಒಂದೇ ಮುಖವನ್ನು ಭೂಮಿಗೆ ತೋರಿಸುತ್ತಾನೆ ಎಂದು ಓದಿದ ಹೆಚ್ಚಿನ ಮಕ್ಕಳು, ಹಾಗಾದರೆ ಚಂದ್ರ ತನ್ನ ಸುತ್ತ ತಾನು ತಿರುಗುವುದಿಲ್ಲ ಎಂದು ತೀರ್ಮಾನಿಸುತ್ತಾರೆ. ದೊಡ್ಡವರೂ ಅಷ್ಟೇ. ಒಬ್ಬಳನ್ನು ನಡುವೆ ನಿಲ್ಲಿಸಿ, ಇನ್ನೊಬ್ಬಳು ಅವಳನ್ನೇ ನೋಡುತ್ತ ಸುತ್ತ ಹೆಜ್ಜೆ ಹಾಕುವಂತೆ ಒಂದು ಸಣ್ಣ ನೃತ್ಯ ಸಂಯೋಜಿಸಬೇಕು; ಸುತ್ತುವವಳು ತನ್ನ ಕಣ್ಣೆದುರು ಯಾವ ಗೋಡೆ ಬಂತು ಎಂದು ಪ್ರತಿ ಹೆಜ್ಜೆಗೂ ಹೇಳುತ್ತಿರಬೇಕು. ಕಿಟಕಿ, ಕಪ್ಪುಹಲಗೆ, ಬಾಗಿಲು, ಹಿಂಬದಿಯ ಗೋಡೆ, ಮತ್ತೆ ಕಿಟಕಿ. ಒಂದು ಸುತ್ತು ಮುಗಿಯುವಷ್ಟರಲ್ಲಿ ತಾನೂ ಒಂದು ಸಲ ತಿರುಗಿದ್ದೇನೆ ಎಂಬುದು ಅವಳಿಗೆ ವಾದವಿಲ್ಲದೆ ಗೊತ್ತಾಗುತ್ತದೆ. ಅವಳು ಬೇರೇನೂ ಮಾಡದೆ ಕಿಟಕಿಯನ್ನೇ ನೋಡುತ್ತ ಅಡ್ಡಡ್ಡ ಹೆಜ್ಜೆಯಲ್ಲಿ ಸುತ್ತಿದ್ದರೆ ನಡುವೆ ನಿಂತವಳಿಗೆ ಅವಳ ಬೆನ್ನೂ ಕಾಣುತ್ತಿತ್ತು. ಅದನ್ನೂ ಮಾಡಿಸಿಯೇ ಮುಂದೆ ಹೋಗಬೇಕು.

ಚಿತ್ರಕಲೆಯ ವಿಷಯಕ್ಕೆ ಬಂದರೆ, ಅದು ಕಣ್ಣಿಗೆ ಕೊಡುವ ತರಬೇತಿಗೆ ವಿಜ್ಞಾನದ ಚರಿತ್ರೆಯಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. 1609ರ ಬೇಸಿಗೆಯಲ್ಲಿ, ಗೆಲಿಲಿಯೋಗಿಂತ ಕೆಲವು ತಿಂಗಳು ಮೊದಲು, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದಿದ್ದ. ಅದರಲ್ಲಿ ಬೆಳಕು ಕತ್ತಲೆಗಳ ನಡುವೆ ಒಂದು ಅಂಕುಡೊಂಕು ಗೆರೆ ಮತ್ತು ಕೆಲವು ಕಲೆಗಳು ಇವೆಯೇ ಹೊರತು ಬೆಟ್ಟಗಳಿಲ್ಲ. ಅದೇ ವರ್ಷದ ಕೊನೆಯಲ್ಲಿ ಗೆಲಿಲಿಯೋ ನೋಡಿದಾಗ ಆ ಗೆರೆಯ ಸುತ್ತಲಿನ ಚುಕ್ಕೆಗಳನ್ನು ನೆರಳುಗಳೆಂದು ಓದಿದ, ನೆರಳಿದ್ದರೆ ಎತ್ತರವಿರಬೇಕೆಂದು ತರ್ಕಿಸಿದ, ಬೆಟ್ಟಗಳ ಎತ್ತರವನ್ನೂ ಲೆಕ್ಕ ಹಾಕಿ 1610ರ ಮಾರ್ಚಿನಲ್ಲಿ ಪ್ರಕಟಿಸಿದ. ನೆರಳು ಬೆಳಕುಗಳಿಂದ ಉಬ್ಬುತಗ್ಗು ತೋರಿಸುವ ಇಟಲಿಯ ಚಿತ್ರಕಲೆಯ ಪರಿಚಯ ಅವನ ಕಣ್ಣನ್ನು ಸಿದ್ಧಗೊಳಿಸಿತ್ತು ಎಂದು ಕಲಾ ಇತಿಹಾಸಕಾರ ಸ್ಯಾಮ್ಯುಯೆಲ್ ಎಡ್ಜರ್ಟನ್ ವಾದಿಸಿದ್ದಾರೆ. ಗೆಲಿಲಿಯೋನ ದೂರದರ್ಶಕ ಹೆಚ್ಚು ಶಕ್ತಿಯದ್ದಾಗಿತ್ತು ಎಂಬುದನ್ನೂ ಮರೆಯಬಾರದು. ಎಲ್ಲ ಶ್ರೇಯಸ್ಸನ್ನೂ ಕುಂಚಕ್ಕೆ ಕೊಟ್ಟರೆ ಮಸೂರಕ್ಕೆ ಅನ್ಯಾಯವಾದೀತು. ಆದರೂ ನೋಡುವುದು ಕಲಿಯಬೇಕಾದ ವಿದ್ಯೆ ಎಂಬುದಕ್ಕೆ ತರಗತಿಯಲ್ಲಿಯೂ ಪುರಾವೆ ಸಿಗುತ್ತದೆ. ಎಲೆಯೊಂದನ್ನು ಎದುರಿಗಿಟ್ಟು ಬರೆಯಲು ಹೇಳಿದರೆ ಮೊದಲ ಸಲ ಮಕ್ಕಳು ಬರೆಯುವುದು ತಮಗೆ ಗೊತ್ತಿರುವ ಎಲೆಯನ್ನು, ಅಂದರೆ ನಡುವೆ ಒಂದು ಗೆರೆ, ಎರಡೂ ಬದಿಗೆ ಏಣಿಯ ಮೆಟ್ಟಿಲಿನಂಥ ಗೆರೆಗಳು. ಅಡ್ಡನಾಳಗಳು ನಿಜವಾಗಿ ಅಂಚನ್ನು ಮುಟ್ಟುತ್ತವೆಯೇ, ಮುಟ್ಟುವ ಮೊದಲು ಬಾಗುತ್ತವೆಯೇ, ಎರಡು ಅಡ್ಡನಾಳಗಳ ನಡುವೆ ಏನಿದೆ ಎಂದು ಕೇಳಿ ಎರಡನೆಯ ಸಲ ಬರೆಸಿದಾಗ ಬಲೆ ಕಾಣಿಸಿಕೊಳ್ಳುತ್ತದೆ. ಜಾಲಬಂಧ ನಾಳವಿನ್ಯಾಸ ಎಂಬ ಪಾರಿಭಾಷಿಕ ಪದವನ್ನು ಹೇಳಲು ಸರಿಯಾದ ಹೊತ್ತು ಅದು, ಅದಕ್ಕಿಂತ ಮೊದಲಲ್ಲ.

ಇತಿಹಾಸದಲ್ಲಿ ಚಿತ್ರವನ್ನು ಬರೆಯುವುದಕ್ಕಿಂತ ಓದುವುದು ಹೆಚ್ಚು ಫಲ ಕೊಡುತ್ತದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್ ಡೆಲಾವೇರ್ ನದಿ ದಾಟಿದ್ದು 1776ರಲ್ಲಿ. ಅದನ್ನು ಚಿತ್ರಿಸಿದ ಇಮಾನ್ಯುಯೆಲ್ ಲಾಯ್ಟ್ಸೆ ತನ್ನ ಪ್ರಸಿದ್ಧ ಕೃತಿಯನ್ನು ಮುಗಿಸಿದ್ದು 1851ರಲ್ಲಿ, ಅದೂ ಜರ್ಮನಿಯಲ್ಲಿ ಕುಳಿತು. ದೋಣಿಯಲ್ಲಿ ಹಾರುತ್ತಿರುವ ನಕ್ಷತ್ರ ಪಟ್ಟೆಗಳ ಬಾವುಟವನ್ನು ಅಂಗೀಕರಿಸಿದ್ದೇ 1777ರ ಜೂನ್‌ನಲ್ಲಿ. ಘಟನೆ ನಡೆದಾಗ ಇಲ್ಲದಿದ್ದ ಬಾವುಟ ಚಿತ್ರದಲ್ಲಿ ಏಕಿದೆ ಎಂಬ ಒಂದೇ ಪ್ರಶ್ನೆಯಿಂದ ಮಕ್ಕಳು ಆಧಾರ ಎಂದರೇನು, ಸ್ಮರಣೆ ಎಂದರೇನು, 1851ರಲ್ಲಿ ಇಂಥ ವೀರಚಿತ್ರ ಯಾರಿಗೆ ಬೇಕಿತ್ತು ಎಂಬಲ್ಲಿಗೆ ತಲುಪುತ್ತಾರೆ. ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನವಿನ್ ರೂಪಿಸಿದ ಚಿತ್ರವೀಕ್ಷಣೆಯ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ಶಿಕ್ಷಕರು ಕೇಳುವುದು ಮೂರೇ ಪ್ರಶ್ನೆ: ಈ ಚಿತ್ರದಲ್ಲಿ ಏನು ನಡೆಯುತ್ತಿದೆ, ಹಾಗೆನ್ನಲು ನಿನಗೆ ಏನು ಕಂಡಿತು, ಇನ್ನೂ ಏನೇನು ಕಾಣುತ್ತದೆ. ಎರಡನೆಯ ಪ್ರಶ್ನೆಯೇ ಇತಿಹಾಸಕಾರನ ಪ್ರಶ್ನೆ.

ಇಷ್ಟೆಲ್ಲ ಹೇಳಿದ ಮೇಲೆ, ಕಲೆಯಿಂದ ಅಂಕ ಏರುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಲೆಯ ಪರವಾಗಿ ವಾದಿಸುವವರು ಅತಿ ಹೆಚ್ಚು ಎಡವಿದ್ದು ಇಲ್ಲಿಯೇ. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪುಟ್ಟ ಬರಹವೊಂದು, ಮೊಜಾರ್ಟ್ ಸಂಗೀತ ಕೇಳಿದ 36 ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಮನಸ್ಸಿನಲ್ಲಿ ತಿರುಗಿಸುವಂಥ ಪರೀಕ್ಷೆಯಲ್ಲಿ ಕೆಲವು ನಿಮಿಷಗಳ ಮಟ್ಟಿಗೆ ಚೆನ್ನಾಗಿ ಮಾಡಿದರು ಎಂದು ಹೇಳಿತ್ತು. ಅಷ್ಟನ್ನೇ ಹಿಡಿದು, ಸಂಗೀತ ಕೇಳಿದ ಮಕ್ಕಳು ಬುದ್ಧಿವಂತರಾಗುತ್ತಾರೆ ಎಂಬ ಮಾತು ಹುಟ್ಟಿಕೊಂಡಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತ ಕೊಡಲು ಸರ್ಕಾರದ ಹಣ ಕೇಳುವವರೆಗೂ ಅದು ಹೋಯಿತು. ಮೂಲ ಪ್ರಯೋಗದಲ್ಲಿ ಒಂದು ಮಗುವೂ ಇರಲಿಲ್ಲ. ವಾದ್ಯ ಕಲಿಯುವ ಮಕ್ಕಳ ಬಗ್ಗೆಯೂ ಭರವಸೆಯ ಮಾತುಗಳು ಬಂದವು, ಆದರೆ ಜೊವಾನಿ ಸಾಲಾ ಮತ್ತು ಫೆರ್ನಾಂಡ್ ಗೊಬೆ 2020ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಧ್ಯಯನದ ವಿನ್ಯಾಸ ಬಿಗಿಯಾದಷ್ಟೂ ಓದು, ಗಣಿತ, ಬುದ್ಧಿಶಕ್ತಿಗಳ ಮೇಲಿನ ಪರಿಣಾಮ ಸೊನ್ನೆಯ ಹತ್ತಿರಕ್ಕೆ ಇಳಿಯಿತು.

ಇದಕ್ಕೂ 20 ವರ್ಷ ಮೊದಲು ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ 188 ವರದಿಗಳನ್ನು ಜಾಲಾಡಿ ಇಂಥದೇ ನಿಲುವಿಗೆ ಬಂದಿದ್ದರು. ಕಲೆ ಮತ್ತು ಶೈಕ್ಷಣಿಕ ಸಾಧನೆಗಳ ನಡುವೆ ಕಾರಣ ಮತ್ತು ಪರಿಣಾಮದ ನಂಟು ನೆಚ್ಚಬಹುದಾದಷ್ಟು ಸ್ಪಷ್ಟವಾಗಿ ಅವರಿಗೆ ಕಂಡದ್ದು ಮೂರು ಕಡೆ ಮಾತ್ರ, ಆ ಪೈಕಿ ಎರಡು ಸಂಗೀತ ಮತ್ತು ಅವಕಾಶಗ್ರಹಣಕ್ಕೆ, ಅಂದರೆ ಆಕಾರ ಮತ್ತು ಸ್ಥಳಗಳನ್ನು ಮನಸ್ಸಿನಲ್ಲಿ ಗ್ರಹಿಸುವ ಶಕ್ತಿಗೆ, ಸಂಬಂಧಿಸಿದವು. ಶಾಲೆಯ ದೃಷ್ಟಿಯಿಂದ ಮುಖ್ಯವಾದದ್ದು ಮೂರನೆಯದು, ತರಗತಿಯ ನಾಟಕ ಮತ್ತು ಭಾಷಾ ಕೌಶಲಗಳ ನಂಟು. ಕಥೆಯನ್ನು ಓದಿದ ಮೇಲೆ ಅಭಿನಯಿಸಿದ ಮಕ್ಕಳು ಆ ಕಥೆಯನ್ನು ಹೆಚ್ಚು ಚೆನ್ನಾಗಿ ಗ್ರಹಿಸಿದ್ದಲ್ಲದೆ, ತಾವು ಅಭಿನಯಿಸದ ಹೊಸ ಪಠ್ಯಗಳಲ್ಲಿಯೂ ಮುಂದಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ಪಾತ್ರವಾಗಬೇಕಾದರೆ, ಈ ಮಾತನ್ನು ಅವನು ಏಕೆ ಆಡಿದ, ಸಿಟ್ಟಿನಲ್ಲೋ ಭಯದಲ್ಲೋ ಎಂದು ಪಠ್ಯಕ್ಕೆ ಮರಳಿ ಹುಡುಕಲೇಬೇಕು.

ನೆನಪಿನ ವಿಷಯದಲ್ಲಿಯೂ ಪುರಾವೆ ಸಾಧಾರಣವಾಗಿ ಗಟ್ಟಿಯಾಗಿದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಗಳನ್ನು ಮತ್ತೆ ಮತ್ತೆ ಬರೆದವರಿಗಿಂತ ಅವುಗಳ ಚಿತ್ರ ಬರೆದವರು ಹೆಚ್ಚು ಪದಗಳನ್ನು ನೆನಪಿಟ್ಟುಕೊಂಡರು. ಚಿತ್ರಕ್ಕೆ ಕೇವಲ 4 ಸೆಕೆಂಡು ಕೊಟ್ಟಾಗಲೂ ಲಾಭ ಉಳಿಯಿತು, ಚಿತ್ರ ಅಂದವಾಗಿರಬೇಕೆಂದೇನೂ ಇರಲಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮರಿಯೆಲ್ ಹಾರ್ಡಿಮನ್ ಮತ್ತು ಸಂಗಡಿಗರು ಬಾಲ್ಟಿಮೋರ್‌ನ ಆರು ಶಾಲೆಗಳ ಐದನೇ ತರಗತಿಯ ಸುಮಾರು 350 ಮಕ್ಕಳೊಂದಿಗೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರ. ಒಂದೇ ವಿಜ್ಞಾನ ಪಾಠಗಳನ್ನು ಕಲೆಯೊಂದಿಗೆ ಮತ್ತು ಕಲೆಯಿಲ್ಲದೆ ಕಲಿಸಿ ಹೋಲಿಸಿದಾಗ, ಓದುವುದರಲ್ಲಿ ಮುಂದಿದ್ದ ಮಕ್ಕಳಿಗೆ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಓದುವುದರಲ್ಲಿ ಹಿಂದಿದ್ದವರು ಮಾತ್ರ ಕಲೆಯೊಂದಿಗೆ ಕಲಿತದ್ದನ್ನು ಹೆಚ್ಚು ಕಾಲ ಉಳಿಸಿಕೊಂಡರು. ಪಠ್ಯಪುಸ್ತಕದ ವಾಕ್ಯಗಳೇ ಬಾಗಿಲು ಮುಚ್ಚಿದ ಮಗುವಿಗೆ ವಿಷಯದೊಳಕ್ಕೆ ಹೋಗಲು ಇನ್ನೊಂದು ದಾರಿ ಸಿಕ್ಕಿತು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಅಂಕಕ್ಕೆ ಮಿಗಿಲಾದ ಫಲಗಳೂ ಇವೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 42 ಶಾಲೆಗಳನ್ನು ಚೀಟಿ ಎತ್ತಿದಂತೆ ಆಯ್ದು, ಕೆಲವಕ್ಕೆ ಕಲಾವಿದರ ಮತ್ತು ಕಲಾಸಂಸ್ಥೆಗಳ ಒಡನಾಟ ಒದಗಿಸಿ, 10,000ಕ್ಕೂ ಹೆಚ್ಚು ಮಕ್ಕಳನ್ನು ಹೋಲಿಸಿ ನೋಡಲಾಯಿತು. ಶಿಸ್ತು ಉಲ್ಲಂಘನೆಯ ಪ್ರಕರಣಗಳು 3.6 ಶೇಕಡಾಂಶ ಇಳಿದವು, ಬರವಣಿಗೆಯ ಅಂಕಗಳು ಏರಿದವು, ಇತರರ ಬಗೆಗಿನ ಮರುಕ ಹೆಚ್ಚಿತು. ಗಣಿತದ ಅಂಕಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಕಲೆಯನ್ನು ಗಣಿತದ ಅಂಕದ ತಕ್ಕಡಿಯಲ್ಲಿ ತೂಗಿಸಿಕೊಳ್ಳಲು ಒಪ್ಪಿದವರು ಇಂಥ ಫಲಿತಾಂಶ ಬಂದಾಗ ಕಲೆಯನ್ನೇ ಕೈಬಿಡಬೇಕಾಗುತ್ತದೆ. ಹಾಗಾಗಿ ಆ ವಾದವನ್ನು ಎತ್ತದಿರುವುದೇ ವಿವೇಕ.

ಶಾಲೆಯೊಳಗಿನ ತೊಡಕುಗಳಿಗೆ ಬಂದರೆ, ಸಾಮಗ್ರಿಯ ಕೊರತೆಯನ್ನು ಎಲ್ಲರೂ ಮೊದಲು ಹೇಳುತ್ತಾರೆ; ಮೇಲಿನ ಉದಾಹರಣೆಗಳಲ್ಲಿ ಚಾಕ್‌ಪೀಸು, ಚೀಟಿ, ಚಪ್ಪಾಳೆಗಳ ಆಚೆಗೆ ಹೆಚ್ಚೇನೂ ಬೇಕಾಗಿಲ್ಲದಿರುವುದರಿಂದ ಅದನ್ನು ದೊಡ್ಡದು ಮಾಡಲಾರೆ. ಕಷ್ಟವಿರುವುದು ಶಿಕ್ಷಕರ ಸಿದ್ಧತೆಯಲ್ಲಿ. ನಾಲ್ಕು ಮತ್ತು ಆರರ ಚಪ್ಪಾಳೆಯನ್ನು ಮೂರು ಮತ್ತು ನಾಲ್ಕರ ನಂತರವೇ ಇಡಬೇಕೆಂದು ತಿಳಿಯಲು ಗಣಿತದ ಒಳಗುಟ್ಟು ಗೊತ್ತಿರಬೇಕು, ಗತಿ ಓಡಿದಾಗ ಹಿಡಿದು ನಿಲ್ಲಿಸಲು ಲಯಜ್ಞಾನವೂ ಬೇಕು. ಒಬ್ಬರಲ್ಲಿ ಎರಡೂ ಇರುವುದು ವಿರಳ. ಆದ್ದರಿಂದ ವಿಷಯ ಶಿಕ್ಷಕರೂ ಕಲಾ ಶಿಕ್ಷಕರೂ ಕೂತು ಪಾಠ ಯೋಜಿಸಲು ವೇಳಾಪಟ್ಟಿಯಲ್ಲಿ ಜಾಗ ಮಾಡಿಕೊಡಬೇಕು. ನಡೆಯುತ್ತಿರುವುದು ಹಲವೆಡೆ ಇದರ ತಿರುಗುಮುರುಗು: ಹೇಗೂ ಎಲ್ಲ ಪಾಠಗಳಲ್ಲೂ ಕಲೆ ಬಂದಿದೆಯಲ್ಲ ಎಂದು ಚಿತ್ರಕಲೆ, ಸಂಗೀತಗಳ ಅವಧಿಯನ್ನೇ ಕತ್ತರಿಸುವ ಲೆಕ್ಕಾಚಾರ. ಕಲೆಯನ್ನು ಕಲೆಯಾಗಿ ಎಲ್ಲಿಯೂ ಕಲಿಯದ ಮಗು ವಿಜ್ಞಾನದ ಪಾಠಕ್ಕೆ ಯಾವ ಕಲೆಯನ್ನು ತರಬಲ್ಲದು?

ಎಲ್ಲ ಪಾಠಕ್ಕೂ ಇದು ಹೊಂದುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಏಕೆ ಎಂಬುದಕ್ಕೆ ನಾಟಕ ಕಟ್ಟಲು ಹೋದರೆ ಕಥೆ ಹೆಚ್ಚಾಗಿ ತರ್ಕ ಮರೆಯಾಗುತ್ತದೆ. ಎಲೆಕ್ಟ್ರಾನ್ ಪಾತ್ರ ಮಾಡಿದ ಹುಡುಗ "ನನಗೆ ಜೊತೆ ಬೇಕು" ಎಂದು ಅಳುವ ರಸಾಯನಶಾಸ್ತ್ರದ ಕಿರುನಾಟಕ ನಗು ತರಿಸುತ್ತದೆ, ಪರಮಾಣುಗಳಿಗೆ ಆಸೆಗಳಿವೆ ಎಂಬ ತಪ್ಪು ತಿಳಿವಳಿಕೆಯನ್ನೂ ನೆಡುತ್ತದೆ. ರಕ್ತಕಣದ ನಡಿಗೆಯಲ್ಲಿಯೂ ಇಂಥ ಅಪಾಯವಿದೆ. ನೀಲಿ ಚೀಟಿ ಹಿಡಿದ ಮಗು ರಕ್ತ ನಿಜವಾಗಿಯೂ ನೀಲಿಯಾಗುತ್ತದೆ ಎಂದುಕೊಳ್ಳಬಹುದು, ಅದು ಗಾಢ ಕೆಂಪೇ ಎಂದು ಬಾಯಿಬಿಟ್ಟು ಹೇಳಬೇಕು.

ಇನ್ನುಳಿದದ್ದು ಮೌಲ್ಯಮಾಪನ. ಚೆನ್ನಾಗಿ ಅಭಿನಯಿಸಿದ ಮಗುವಿಗೆ ವಿಜ್ಞಾನದ ಅಂಕ ಕೊಡುವುದೂ, ನಾಚಿಕೆಯ ಮಗುವಿನಿಂದ ಕಿತ್ತುಕೊಳ್ಳುವುದೂ ಎರಡೂ ಅನ್ಯಾಯ. ಅಭಿನಯವನ್ನು ಅಭಿನಯದ ಮಾನದಂಡದಿಂದ, ತಿಳಿವಳಿಕೆಯನ್ನು ಬೇರೆಯಾಗಿಯೇ ನೋಡಬೇಕು. ಎರಡನೆಯ ತರಗತಿಯಲ್ಲಿ ಅದಕ್ಕೆ ಕೊನೆಯ ಐದು ನಿಮಿಷ ಮೀಸಲಿಟ್ಟಿದ್ದಾರೆ. ನೆಲದ ಚಿತ್ರವನ್ನು ಒರೆಸಿ, ಕಾಲಿನಿಂದ ಹೊರಟು ಮತ್ತೆ ಕಾಲಿಗೇ ಬರುವ ದಾರಿಯನ್ನು ನೆನಪಿನಿಂದ ಬಾಣದ ಗುರುತುಗಳಲ್ಲಿ ಬರೆದು, ಬಣ್ಣ ಬದಲಾಗುವ ಎರಡು ಜಾಗಗಳಿಗೂ ಕಾರಣ ಸೂಚಿಸಲು ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟಿದ್ದಾರೆ. ನೇರ ಕಾಲಿನ ಕಡೆ ಹೊರಟಿದ್ದ ಹುಡುಗಿಯ ಹಾಳೆಯಲ್ಲಿ ಬಾಣ ಈಗ ಶ್ವಾಸಕೋಶದಿಂದ ಹೃದಯಕ್ಕೆ ತಿರುಗಿದೆ. ಕೂಗಿ ತಿದ್ದಿದ ಹುಡುಗನ ಹಾಳೆಯಲ್ಲಿ ಅದು ಎಡ ಹೃತ್ಕರ್ಣದ (ಎಡ ಮೇಲ್ಕೋಣೆಯ) ಬದಲು ಬಲ ಹೃತ್ಕರ್ಣಕ್ಕೇ ವಾಪಸಾಗಿದೆ. ನಾಳೆಯ ಪಾಠವನ್ನು ಎಲ್ಲಿಂದ ಶುರು ಮಾಡಬೇಕೆಂದು ಶಿಕ್ಷಕರಿಗೆ ಗೊತ್ತಾಗಿದೆ.